ಆಗದೆ ಹೋದ ಕೇಡಿನ ಲೆಕ್ಕ

ಮಲೆನಾಡಿನ ಹೆಂಚಿನ ಮನೆಗಳಲ್ಲಿ ಬಾಳಿದವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಮುಂಗಾರು ಹಿಡಿಯುವುದಕ್ಕೆ ಮೊದಲು ಆಳನ್ನು ಮಾಡಿನ ಮೇಲೆ ಹತ್ತಿಸಿ ಹೆಂಚುಗಳನ್ನು ಕೈಯಾಡಿಸಬೇಕು. ಒಡೆದುದನ್ನು ತೆಗೆದು ಹೊಸದನ್ನು ಇಡಿಸಬೇಕು. ಅದಕ್ಕೆ ಕೂಲಿ ಕೊಡಬೇಕು, ಹೆಂಚಿಗೆ ಬೆಲೆ ಕೊಡಬೇಕು. ಈ ಖರ್ಚು ಮನೆಯ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಆಮೇಲೆ ಮಳೆಗಾಲವೆಲ್ಲ ಮನೆ ಸೋರದೆ ಇದ್ದರೆ, ಆ ಸೋರದೆ ಇದ್ದದ್ದು ಯಾವ ಪುಸ್ತಕದಲ್ಲಿ ಕಾಣುತ್ತದೆ? ಮನೆಯ ಯಜಮಾನನು ಸ್ವಲ್ಪ ಸಂದೇಹದ ಸ್ವಭಾವದವನಾದರೆ, ಸೋರದೆ ಇದ್ದದ್ದು ಹೆಂಚನ್ನು ಕೈಯಾಡಿಸಿದ್ದರಿಂದಲೋ, ಆ ವರ್ಷ ಮಳೆ ಕಡಮೆಯಾದದ್ದರಿಂದಲೋ ಎಂದು ಕೇಳಿಯೇ ಕೇಳುತ್ತಾನೆ. ಕೇಳಿ, ಮರುವರ್ಷ ಆಳನ್ನು ಕರೆಸದೆ ಇರುವುದೂ ಉಂಟು.

ಇದೇ ಪ್ರಶ್ನೆ ನನ್ನ ಪಾಲಿಗೆ ಹೊಟ್ಟೆಪಾಡಿನ ಪ್ರಶ್ನೆಯಾಗಿ ಬಂದಿತು. ನನ್ನ ಉದ್ಯೋಗದ ಹೆಚ್ಚಿನ ಕಾಲವು ಬೆಂಗಳೂರಿನ ಒಂದು ದೊಡ್ಡ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಕಳೆಯಿತು. ಅದು ದೂರಸಂಪರ್ಕದ ಯಂತ್ರಗಳನ್ನೂ ಅವುಗಳನ್ನು ನಡೆಸುವ ಸಾಫ್ಟ್‌ವೇರನ್ನೂ ಸಿದ್ಧಪಡಿಸುತ್ತಿದ್ದ ಸಂಸ್ಥೆ. ಇಂಜಿನಿಯರುಗಳೇ ಸಾವಿರಾರು ಮಂದಿ ಇದ್ದರು. ಕಳೆದ ಶತಮಾನದ ಕಡೆಯ ವರ್ಷಗಳಲ್ಲಿ, ಕಾರ್ಯಪದ್ಧತಿಯ ಸುಧಾರಣೆಗೆಂದು ಅಲ್ಲಿ ಏಳು ಜನರ ಒಂದು ಮಂಡಲಿಯನ್ನು ಏರ್ಪಡಿಸಿ, ಅದರ ಫಲವನ್ನು ಲೆಕ್ಕ ಹಾಕಿ ಒಪ್ಪಿಸುವ ಹೊಣೆಯನ್ನು ನನಗೆ ವಹಿಸಿದರು. ಯಂತ್ರವನ್ನು ಸುಧಾರಿಸುವುದು ನಮ್ಮ ಕೆಲಸವಾಗಿರಲಿಲ್ಲ. ಯಂತ್ರವನ್ನು ಮಾಡುವವರ ಕೆಲಸದ ಕ್ರಮವನ್ನು ಸುಧಾರಿಸಬೇಕಾಗಿದ್ದಿತು. ಒಬ್ಬನು ಬರೆದ ವಿನ್ಯಾಸವನ್ನು ಇನ್ನು ಮೂವರು ಓದಿ ಒಪ್ಪಿದ ಹೊರತು ಅದು ಮುಂದಿನ ಮೇಜಿಗೆ ಹೋಗಕೂಡದು. ಗ್ರಾಹಕನು ಕೇಳಿದ ಬದಲಾವಣೆಯನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಕೂಡದು. ಕಂಡ ತಪ್ಪನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಇಂಥವು ನಮ್ಮ ಕಟ್ಟಳೆಗಳು. ಮೇಜಿನ ಮೇಲೆ ಸಿಕ್ಕಿದ ತಪ್ಪನ್ನು ಅರ್ಧ ಗಂಟೆಯಲ್ಲಿ ತಿದ್ದಬಹುದು. ಅದೇ ತಪ್ಪು ಗ್ರಾಹಕನ ಊರಿನಲ್ಲಿ ತಲೆಯೆತ್ತಿದರೆ ಇಬ್ಬರು ರೈಲು ಹತ್ತಿ ಹೋಗಿ ವಾರವೆಲ್ಲ ಅಲ್ಲಿ ಕೂರಬೇಕು. ಇದು ಯಾರಿಗಾದರೂ ತಿಳಿಯುವ ಮಾತು. ಆದರೆ ತಿಳಿಯುವ ಮಾತಿಗೂ ರುಜುವಾತು ಮಾಡಬಹುದಾದ ಮಾತಿಗೂ ಬಹಳ ಅಂತರವಿದೆ.

ಈ ವಿಚಾರವು ನಮ್ಮಲ್ಲಿಗೆ ಅಮೆರಿಕದಿಂದ ಬಂದುದು. ಅಲ್ಲಿಯ ರಕ್ಷಣಾ ಇಲಾಖೆಯ ಧನಸಹಾಯದಿಂದ ೧೯೮೪ರಲ್ಲಿ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಸಾಫ್ಟ್‌ವೇರ್ ಇಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ಐ.ಬಿ.ಎಂ. ಕಂಪೆನಿಯಲ್ಲಿ ೨೭ ವರ್ಷ ದುಡಿದು ೧೯೮೬ರಲ್ಲಿ ಅಲ್ಲಿಗೆ ಬಂದ ವಾಟ್ಸ್ ಹಂಫ್ರಿ ಎಂಬವರ ವಿಚಾರಗಳನ್ನು ಆಧಾರವಾಗಿಟ್ಟುಕೊಂಡು, ಒಂದು ಸಂಸ್ಥೆಯ ಕೆಲಸದ ಕ್ರಮವು ಎಷ್ಟು ಪಕ್ವವಾಗಿದೆ ಎಂಬುದನ್ನು ಐದು ಮೆಟ್ಟಲುಗಳಲ್ಲಿ ತೂಗುವ ಪದ್ಧತಿಯೊಂದು ಬೆಳೆಯಿತು. ಮೊದಲನೆಯ ಮೆಟ್ಟಲಿನಲ್ಲಿ ಎಲ್ಲವೂ ಆಯಾ ಮನುಷ್ಯನ ಜಾಣತನವನ್ನು ನಂಬಿಕೊಂಡಿರುತ್ತದೆ. ಐದನೆಯದರಲ್ಲಿ ಸಂಸ್ಥೆಯು ತನ್ನನ್ನು ತಾನೇ ಅಳೆದು ತಿದ್ದಿಕೊಳ್ಳುತ್ತಿರುತ್ತದೆ. ಬೆಂಗಳೂರಿನಲ್ಲಿದ್ದ ಮೋಟರೋಲಾ ಕಂಪೆನಿಯ ಶಾಖೆ ೧೯೯೩ರಲ್ಲಿಯೇ ಐದನೆಯ ಮೆಟ್ಟಲನ್ನು ಮುಟ್ಟಿತು. ಆಗ ಲೋಕದಲ್ಲಿ ಆ ಮೆಟ್ಟಲಿನ ಮೇಲೆ ನಿಂತಿದ್ದವರು ಬೆರಳೆಣಿಕೆಯಷ್ಟು. ಅಂದಿನಿಂದ ನಮ್ಮ ಊರಿನ ದೊಡ್ಡ ಸಂಸ್ಥೆಗಳಿಗೆಲ್ಲ ಮೆಟ್ಟಲೇರುವ ಹುರುಪು ಹಿಡಿಯಿತು. ಮೆಟ್ಟಲಿನ ಅಂಕಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು. ಏರಿದವನಿಗೆ ಅಲ್ಲಿ ಏನು ದೊರಕಿತೆಂಬುದು ಬೇರೆ ವಿಚಾರ.

ನಮ್ಮ ನಿರ್ದೇಶಕರು ಆ ಬೇರೆ ವಿಚಾರವನ್ನೇ ಕೇಳಿದರು. ಅವರನ್ನು ನಾನು ದೂರಲಾರೆ. "ಒಂದು ರೂಪಾಯಿ ಹಾಕಿದ್ದಕ್ಕೆ ಎಷ್ಟು ರೂಪಾಯಿ ಬಂದಿತು? ಮಾರ್ಚಿ ತಿಂಗಳೊಳಗೆ ಒಂದೇ ಹಾಳೆಯಲ್ಲಿ ಬರೆದು ಕೊಡಿ" ಎಂದರು. ಮಂಡಲಿಯ ಏಳು ಜನರ ಭವಿಷ್ಯ ಆ ಒಂದು ಹಾಳೆಯ ಮೇಲೆ ನಿಂತಿತೆಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅವಶ್ಯಕತೆಯೂ ಇರಲಿಲ್ಲ.

ಅಂಕಿಗಳಿಗೇನೂ ಬರಗಾಲವಿರಲಿಲ್ಲ. ಅಮೆರಿಕದ ರೇಥಿಯಾನ್ ಕಂಪೆನಿಯವರು ೧೯೯೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಡಾಲರಿಗೆ ೭.೭ ಡಾಲರು ಲಭಿಸಿತೆಂದು ಹೇಳಿದ್ದರು. ಅವರ ಲೆಕ್ಕದ ರೀತಿ ಮೆಚ್ಚತಕ್ಕದ್ದಾಗಿದ್ದಿತು. ಪ್ರತಿಯೊಂದು ಯೋಜನೆಯ ಖರ್ಚನ್ನೂ ಕೆಲಸ ಮಾಡಿದ್ದಕ್ಕೆ, ಪರೀಕ್ಷಿಸಿದ್ದಕ್ಕೆ, ತಪ್ಪು ಬಾರದಂತೆ ತಡೆದದ್ದಕ್ಕೆ, ಮಾಡಿದ್ದನ್ನೇ ಮತ್ತೆ ಮಾಡಿದ್ದಕ್ಕೆ ಎಂದು ನಾಲ್ಕು ಪಾಲು ಮಾಡಿದರು. ೧೯೮೮ರಲ್ಲಿ ಕಡೆಯ ಪಾಲು ನೂರಕ್ಕೆ ಸುಮಾರು ೪೧ ಇದ್ದಿತು. ೧೯೯೨ರ ಹೊತ್ತಿಗೆ ಸುಮಾರು ೧೧ಕ್ಕೆ ಇಳಿದಿತ್ತು. ಮಾಡಿದ್ದನ್ನೇ ಮತ್ತೆ ಮಾಡುವುದರಲ್ಲಿ ಐದರಲ್ಲಿ ಎರಡು ಪಾಲು ಹಣ ಹೋಗುತ್ತಿದ್ದಿತೆಂಬುದನ್ನು ಓದಿ ನಾನು ಬೆರಗಾದೆನು. ಅದನ್ನು ಒಪ್ಪಿ ಅಚ್ಚುಹಾಕಿಸಿದ ಅವರ ಧೈರ್ಯಕ್ಕೆ ಇನ್ನೂ ಬೆರಗಾದೆನು. ಆದರೂ ಒಂದು ಮಾತು. ಯಾವ ಗಂಟೆ ಹೊಸ ಕೆಲಸ, ಯಾವ ಗಂಟೆ ಮರುಕೆಲಸ ಎಂಬುದನ್ನು ತೀರ್ಮಾನಿಸುವವನು ಕಡೆಗೆ ಆ ಇಂಜಿನಿಯರೇ. ಕುದಿಯುತ್ತಿರುವ ಸಾರಿನ ರುಚಿ ನೋಡಿ ಇನ್ನೊಂದು ಚಿಟಿಕೆ ಉಪ್ಪು ಹಾಕಿದರೆ ಅದು ಅಡುಗೆಯೋ, ಅಡುಗೆಯ ತಿದ್ದುಪಡಿಯೋ? ನನ್ನ ಮನೆಯವರನ್ನು ಕೇಳಿದೆನು. "ತಿನ್ನುವವರಿಗೆ ಗೊತ್ತಾಗುವುದಕ್ಕೆ ಮುಂಚೆ ಹಾಕಿದರೆ ಅಡುಗೆ, ಆಮೇಲೆ ಹಾಕಿದರೆ ತಿದ್ದುಪಡಿ" ಎಂದರು. ಈ ವಿಷಯದಲ್ಲಿ ನಾನು ಓದಿದ ವ್ಯಾಖ್ಯಾನಗಳಲ್ಲೆಲ್ಲ ಇದೇ ಉತ್ತಮವಾದುದೆಂದು ತೋರುತ್ತದೆ.

ಪಿಟ್ಸ್‌ಬರ್ಗಿನ ಆ ಸಂಸ್ಥೆಯವರೇ ೧೯೯೪ರಲ್ಲಿ ೧೩ ಸಂಸ್ಥೆಗಳಿಂದ ಅಂಕಿಗಳನ್ನು ಸಂಗ್ರಹಿಸಿ ವರದಿಯೊಂದನ್ನು ಹೊರಡಿಸಿದರು. ಹಾಕಿದ ಹಣಕ್ಕೆ ಬಂದ ಪ್ರತಿಫಲ ಒಂದಕ್ಕೆ ೪ರಿಂದ ೮.೮ರವರೆಗೆ, ನಡುವಣ ಅಂಕಿ ೫. ನಮ್ಮ ಊರಿನಲ್ಲಿ ಅನೇಕ ಸಭೆಗಳಲ್ಲಿ ಈ "ಒಂದಕ್ಕೆ ಐದು" ಎಂಬುದು ಮಂತ್ರದಂತೆ ಮೊಳಗುತ್ತಿದ್ದಿತು. ವರದಿಯನ್ನು ತರಿಸಿ ಓದಿದಾಗ ತಿಳಿದದ್ದೇನೆಂದರೆ, ಹದಿಮೂರರಲ್ಲಿ ಈ ಪ್ರತಿಫಲದ ಅಂಕಿಯನ್ನು ಕೊಟ್ಟಿದ್ದವು ಐದೇ ಸಂಸ್ಥೆಗಳು. ಲೆಕ್ಕ ಕೊಡಲು ಮುಂದೆ ಬಂದವರು ಯಾರು? ಗೆದ್ದವರು. ಸುಧಾರಣೆಯನ್ನು ಕೈಗೊಂಡು, ಹಣ ಕಳೆದುಕೊಂಡು, ಸದ್ದಿಲ್ಲದೆ ಮಂಡಲಿಯನ್ನು ವಿಸರ್ಜಿಸಿದವರು ತಮ್ಮ ಅಂಕಿಗಳನ್ನು ಯಾರಿಗೆ ಕಳುಹಿಸುತ್ತಾರೆ? ವರದಿಯನ್ನು ಬರೆದವರು ಈ ಬಗೆಯ ಎಚ್ಚರಿಕೆಯನ್ನು ತಾವೇ ಕೊಟ್ಟಿದ್ದರು. ಅದನ್ನು ಮೊಳಗಿಸಿದವರು ಎಚ್ಚರಿಕೆಯ ಪುಟವನ್ನು ತಿರುವಿರಲಿಲ್ಲ, ಅಷ್ಟೆ.

ಈ ನಡುವೆ ನಮ್ಮಲ್ಲಿಯೇ ಒಂದು ವಿಪರೀತ ಸಂಭವಿಸಿತು. ಕಟ್ಟಳೆಗಳು ಜಾರಿಗೆ ಬಂದ ಮೊದಲನೆಯ ವರ್ಷದಲ್ಲಿ ದಾಖಲಾದ ತಪ್ಪುಗಳ ಸಂಖ್ಯೆ ಹೆಚ್ಚುಕಡಮೆ ಇಮ್ಮಡಿಯಾಯಿತು. ಒಂದು ವಿಭಾಗದ ಮುಖ್ಯಸ್ಥರು ತುಂಬಿದ ಸಭೆಯಲ್ಲಿ ಎದ್ದುನಿಂತು, "ಈ ಮಹನೀಯರು ಬಂದ ಮೇಲೆ ನಮ್ಮ ಇಂಜಿನಿಯರುಗಳು ದಡ್ಡರಾಗಿಬಿಟ್ಟರೆಂದು ಕಾಣುತ್ತದೆ" ಎಂದರು. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು. ಹಿಂದೆ ತಪ್ಪುಗಳು ಕಡಮೆಯಾಗಿರಲಿಲ್ಲ, ಬರೆದಿಡುವ ಪುಸ್ತಕ ಇರಲಿಲ್ಲ. ಊರಿಗೆ ವೈದ್ಯನು ಬಂದ ವರ್ಷ ರೋಗಿಗಳ ಸಂಖ್ಯೆ ಹೆಚ್ಚಿತೆಂದರೆ ಅದು ವೈದ್ಯನು ತಂದ ರೋಗವಲ್ಲ. ಇಷ್ಟನ್ನು ಹೇಳಿದೆನು. ಆದರೆ ಕೇಳುವವರ ಮುಖದಲ್ಲಿ ಇದು ಜಾಣ್ಮೆಯ ನೆಪವೆಂಬ ಭಾವವೇ ಕಾಣುತ್ತಿದ್ದಿತು. ಸುಧಾರಣೆಯ ಅಳತೆಯಲ್ಲಿರುವ ಮುಖ್ಯವಾದ ತೊಡಕು ಇದೇ ಎಂದು ನನ್ನ ಎಣಿಕೆ. ಯಾವ ಸಂಸ್ಥೆಗೆ ಸುಧಾರಣೆಯ ಅವಶ್ಯಕತೆ ಎಲ್ಲಕ್ಕಿಂತ ಹೆಚ್ಚಾಗಿದೆಯೋ ಆ ಸಂಸ್ಥೆಯಲ್ಲಿ "ಹಿಂದೆ ಹೇಗಿತ್ತು" ಎಂಬುದಕ್ಕೆ ಲೆಕ್ಕವೇ ಇರುವುದಿಲ್ಲ. ಲೆಕ್ಕವಿಡುವುದೇ ಅದರ ಮೊದಲನೆಯ ಸುಧಾರಣೆ. ಆದಕಾರಣ ಹೋಲಿಸಲು ಹಿಂದಿನದು ಉಳಿದಿರುವುದಿಲ್ಲ.

ಹಿಂದಿನ ಲೆಕ್ಕ ಇದ್ದರೂ ಅದನ್ನು ಓದುವುದು ಸುಲಭವಲ್ಲ. ಷಿಕಾಗೋ ನಗರದ ಬಳಿ ಹಾಥಾರ್ನ್ ಎಂಬಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯ ದೊಡ್ಡ ಕಾರ್ಖಾನೆಯಿದ್ದಿತು. ೧೯೨೪ರಿಂದ ೧೯೨೭ರವರೆಗೆ ಅಲ್ಲಿ ದೀಪದ ಬೆಳಕನ್ನು ಹೆಚ್ಚುಕಡಮೆ ಮಾಡಿ ಕೆಲಸಗಾರರ ಉತ್ಪಾದನೆ ಹೇಗೆ ಬದಲಾಗುತ್ತದೆಂಬುದನ್ನು ಪರೀಕ್ಷಿಸಿದರು. ಬೆಳಕನ್ನು ಏರಿಸಿದಾಗಲೂ ಉತ್ಪಾದನೆ ಏರಿತು, ಇಳಿಸಿದಾಗಲೂ ಏರಿತು. ಆದುದರಿಂದ ಏರಿಸಿದ್ದು ಬೆಳಕಲ್ಲ, ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆಂಬ ಭಾವನೆಯೇ ಎಂದು ಆಡಳಿತಶಾಸ್ತ್ರದ ಪುಸ್ತಕಗಳಲ್ಲಿ ಹೇಳಿಕೊಂಡು ಬಂದರು. ನಾಶವಾದವೆಂದು ಬಹುಕಾಲ ಎಣಿಸಿದ್ದ ಆ ಮೂಲ ಅಂಕಿಗಳನ್ನು ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಹುಡುಕಿ ತೆಗೆದು, ಮತ್ತೆ ಲೆಕ್ಕ ಹಾಕಿ ೨೦೧೧ರಲ್ಲಿ ಪ್ರಕಟಿಸಿದರು. ಕಥೆಯಲ್ಲಿ ಹೇಳುವಷ್ಟು ದೊಡ್ಡ ಪರಿಣಾಮಕ್ಕೆ ಅಂಕಿಗಳಲ್ಲಿ ಆಧಾರ ಸಿಕ್ಕಲಿಲ್ಲ. ದೀಪಗಳನ್ನು ಬದಲಾಯಿಸುತ್ತಿದ್ದುದು ರಜೆಯ ದಿನವಾದ ಭಾನುವಾರ. ಸೋಮವಾರದ ಉತ್ಪಾದನೆಯನ್ನು ಶನಿವಾರದ್ದಕ್ಕೆ ಹೋಲಿಸಿದರೆ ಏರಿಕೆ ಕಾಣುತ್ತಿದ್ದಿತು. ಆದರೆ ದೀಪವನ್ನು ಮುಟ್ಟದೆ ಇದ್ದ ವಾರಗಳಲ್ಲಿಯೂ ಸೋಮವಾರ ಏರುತ್ತಲೇ ಇದ್ದಿತು. ಒಂದು ದಿನ ವಿಶ್ರಾಂತಿ ಪಡೆದವನು ಮರುದಿನ ಚುರುಕಾಗಿ ಕೆಲಸ ಮಾಡುವನೆಂಬುದನ್ನು ತಿಳಿಯಲು ಅಷ್ಟೊಂದು ದೀಪಗಳನ್ನು ಬಿಚ್ಚಿ ಕಟ್ಟಬೇಕಾಗಿರಲಿಲ್ಲ.

ನಮ್ಮ ಲೆಕ್ಕಪತ್ರ ಶಾಖೆಯ ಅಧಿಕಾರಿಗಳು ಇನ್ನೊಂದು ತಡೆಯನ್ನು ಒಡ್ಡಿದರು. ಪುನರ್ವಿಮರ್ಶೆಯಿಂದ ಇಷ್ಟು ಗಂಟೆಗಳು ಉಳಿದವು, ಗಂಟೆಗೆ ಸಂಬಳ ಇಷ್ಟು, ಗುಣಿಸಿದರೆ ಉಳಿತಾಯ ಇಷ್ಟು ಎಂದು ನಮ್ಮಲ್ಲಿ ಒಬ್ಬರು ಕರಡು ಮಾಡಿದ್ದರು. ಅದನ್ನು ನೋಡಿ ಅವರು, "ಉಳಿದ ಗಂಟೆಗೂ ನಾನು ಸಂಬಳ ಕೊಟ್ಟಿದ್ದೇನಲ್ಲ ಸ್ವಾಮಿ! ನನ್ನ ಪೆಟ್ಟಿಗೆಗೆ ಬಂದದ್ದೇನು?" ಎಂದರು. ಒರಟಾದ ಮಾತೆಂದು ಮೊದಲು ತೋರಿದರೂ ಅದು ನ್ಯಾಯವಾದ ಮಾತು. ಮನೆಗೆ ರುಬ್ಬುವ ಯಂತ್ರ ಬಂದು ಗೃಹಿಣಿಗೆ ದಿನಕ್ಕೆ ಒಂದು ಗಂಟೆ ಉಳಿದರೆ, ಆ ಗಂಟೆಯಲ್ಲಿ ಆಕೆ ಏನು ಮಾಡಿದಳೆಂಬುದನ್ನು ತಿಳಿಯದೆ ಅದರ ಬೆಲೆ ಕಟ್ಟುವುದು ಹೇಗೆ? ಆಕೆ ಒಂದು ಪುಸ್ತಕ ಓದಿದ್ದರೆ ಬೆಲೆ ಉಂಟು. ಆದರೆ ಅದು ತಿಂಗಳ ಖರ್ಚಿನ ಪಟ್ಟಿಯಲ್ಲಿ ಬರುವ ಬೆಲೆಯಲ್ಲ. ಆ ಕರಡನ್ನು ಬದಿಗಿಟ್ಟೆವು.

ದಾರಿ ತೋರಿಸಿದುದು ಹ್ಯೂಸ್ ಏರ್‌ಕ್ರಾಫ್ಟ್ ಕಂಪೆನಿಯ ವೃತ್ತಾಂತ. ಕ್ಯಾಲಿಫೋರ್ನಿಯಾದಲ್ಲಿದ್ದ ಅದರ ಸಾಫ್ಟ್‌ವೇರ್ ವಿಭಾಗವನ್ನು ೧೯೮೭ರಲ್ಲಿ ಒಮ್ಮೆ, ೧೯೯೦ರಲ್ಲಿ ಒಮ್ಮೆ ಪರೀಕ್ಷಿಸಿದರು. ಎರಡನೆಯ ಮೆಟ್ಟಲಿನಿಂದ ಮೂರನೆಯದಕ್ಕೆ ಏರಿದ್ದಿತು. ಪರೀಕ್ಷೆಗೆ ೪೫,೦೦೦ ಡಾಲರು, ಸುಧಾರಣೆಗೆ ಸುಮಾರು ೪,೦೦,೦೦೦ ಡಾಲರು ತಗಲಿತು. ವರ್ಷಕ್ಕೆ ಸುಮಾರು ೨೦ ಲಕ್ಷ ಡಾಲರು ಉಳಿಯಿತೆಂದು ಹಂಫ್ರಿಯವರೂ ಹ್ಯೂಸ್ ಕಂಪೆನಿಯ ಇಬ್ಬರೂ ಸೇರಿ ೧೯೯೧ರಲ್ಲಿ ಬರೆದರು. ನನ್ನ ಗಮನವನ್ನು ಸೆಳೆದುದು ಈ ಮೊತ್ತವಲ್ಲ, ಅದರ ಸಾಕ್ಷಿ. ಸರ್ಕಾರದ ಗುತ್ತಿಗೆಯ ಕೆಲಸ ಮಾಡುವ ಕಂಪೆನಿಗಳು, ಪೂರೈಸಿದ ಕೆಲಸಕ್ಕೆ ಮೊದಲು ಅಂದಾಜು ಮಾಡಿದ್ದ ಹಣವೆಷ್ಟು, ನಿಜವಾಗಿ ಆದ ಖರ್ಚೆಷ್ಟು ಎಂಬ ಪ್ರಮಾಣವನ್ನು ಕ್ರಮವಾಗಿ ಬರೆದಿಡಬೇಕಾಗುತ್ತದೆ. ಸರಿಸಮವಾದರೆ ಅದು ೧. ಹ್ಯೂಸ್ ಕಂಪೆನಿಯಲ್ಲಿ ಅದು ೦.೯೪ ಇದ್ದುದು ೦.೯೭ಕ್ಕೆ ಏರಿತು. ಕಣ್ಣಿಗೆ ಬೀಳದಷ್ಟು ಸಣ್ಣ ಏರಿಕೆ. ಆದರೆ ಅಂದಾಜು ಮೀರಿದ ಖರ್ಚು ಅರ್ಧಕ್ಕೆ ಇಳಿಯಿತೆಂದು ಅದರ ಅರ್ಥ. ಆ ಪುಸ್ತಕವನ್ನು ಬರೆದವರು ಸುಧಾರಣೆಯ ಮಂಡಲಿಯವರಲ್ಲ. ಸುಧಾರಣೆಯ ಮಾತು ಹುಟ್ಟುವುದಕ್ಕೆ ಮೊದಲೇ, ಬೇರೊಂದು ಉದ್ದೇಶಕ್ಕಾಗಿ, ಅದರಲ್ಲಿ ಯಾವ ಆಸಕ್ತಿಯೂ ಇಲ್ಲದವರು ಇಟ್ಟ ಲೆಕ್ಕವದು. ಹಾಗಾದರೆ ನಮ್ಮಲ್ಲಿ ಅಂಥ ಪುಸ್ತಕ ಯಾವುದು?

ಹದಿನೈದು ದಿನ ಹುಡುಕಿದೆವು. ಕಡೆಗೆ ಅದು ಸಿಕ್ಕಿದುದು ಪ್ರಯಾಣಭತ್ಯದ ಚೀಟಿಗಳಲ್ಲಿ. ನೌಕರರು ಪರಸ್ಥಳಕ್ಕೆ ಹೋಗಿ ಬಂದ ಮೇಲೆ ಸಲ್ಲಿಸುವ ಬಿಲ್ಲುಗಳನ್ನು ನಮ್ಮ ಕಚೇರಿಯ ಒಬ್ಬ ಹಿರಿಯ ಗುಮಾಸ್ತರು ಹನ್ನೆರಡು ವರ್ಷಗಳಿಂದ ಒಂದೂ ತಪ್ಪದಂತೆ ಕಟ್ಟು ಕಟ್ಟಿ, ವರ್ಷದ ಹೆಸರು ಬರೆದು, ಕಪಾಟಿನಲ್ಲಿ ಜೋಡಿಸಿಟ್ಟಿದ್ದರು. ಪ್ರತಿಯೊಂದರಲ್ಲಿಯೂ "ಪ್ರಯಾಣದ ಕಾರಣ" ಎಂಬ ಒಂದು ಸಾಲು. ಹೊಸ ಯಂತ್ರ ನಿಲ್ಲಿಸಲು, ಸಭೆಗೆ, ತರಬೇತಿಗೆ, ದುರಸ್ತಿಗೆ. ಗ್ರಾಹಕನ ಊರಿನಲ್ಲಿ ತಪ್ಪು ತಲೆಯೆತ್ತಿದಾಗಲೆಲ್ಲ ಯಾರೋ ಇಬ್ಬರು ರೈಲು ಹತ್ತಿದ್ದರಷ್ಟೆ. ಅವರು ಹತ್ತಿದುದಕ್ಕೆ ಇಲ್ಲಿ ಸಾಕ್ಷಿಯಿದ್ದಿತು. ಗುಮಾಸ್ತರು ಮೊದಲು ನಮ್ಮನ್ನು ತನಿಖೆಗೆ ಬಂದವರೆಂದು ಶಂಕಿಸಿದರು. ವಿಷಯ ತಿಳಿದ ಮೇಲೆ ತಾವೇ ನಮ್ಮೊಡನೆ ಕೂತು ಎಣಿಸಿದರು. "ಇಷ್ಟು ವರ್ಷ ಇದನ್ನು ಯಾರೂ ಓದಿರಲಿಲ್ಲ ಸಾರ್, ಗೆದ್ದಲಿನ ಹೊರತು" ಎಂದು ಅವರು ಹೇಳಿದುದು ನೆನಪಿದೆ.

ದುರಸ್ತಿಯ ಪ್ರಯಾಣಗಳು ಗಣನೀಯವಾಗಿ ಇಳಿದಿದ್ದುವು. ಮಂಡಲಿಯ ಕಿರಿಯರು ಕುಣಿದಾಡುವುದೊಂದು ಬಾಕಿ. ಆದರೆ ಆ ವರ್ಷಗಳಲ್ಲಿಯೇ ಎರಡು ಹಳೆಯ ಮಾದರಿಯ ಯಂತ್ರಗಳನ್ನು ಗ್ರಾಹಕರು ಬಳಕೆಯಿಂದ ತೆಗೆದಿದ್ದರು. ಅತ್ಯಂತ ಹೆಚ್ಚು ಕಾಟ ಕೊಡುತ್ತಿದ್ದವು ಅವೇ. ಮಳೆಯೇ ಕಡಮೆಯಾದ ವರ್ಷ ಅದು. ಆ ಎರಡರ ಚೀಟಿಗಳನ್ನು ಎಲ್ಲ ವರ್ಷಗಳಿಂದಲೂ ತೆಗೆದಿಟ್ಟೆವು. ಟೆಲಿಫೋನಿನಲ್ಲಿಯೇ ದುರಸ್ತಿ ಮಾಡಿಸುವ ಏರ್ಪಾಡು ನಡುವೆ ಬಂದಿದ್ದಿತು. ಅದರಿಂದ ತಪ್ಪಿದ ಪ್ರಯಾಣಗಳನ್ನೂ ಕಳೆದೆವು. ಹೀಗೆ ಕಳೆಯುತ್ತ ಹೋದಂತೆ ನಮ್ಮ ಪಾಲಿನ ಫಲ ಕರಗುತ್ತ ಹೋಗುವುದನ್ನು ನೋಡಿ ಕಿರಿಯರೊಬ್ಬರು, "ನಮ್ಮ ಕೈಯಿಂದಲೇ ನಮ್ಮ ಅನ್ನ ತೆಗೆಯುತ್ತಿದ್ದೇವೆ" ಎಂದು ಎದ್ದುಹೋದರು. ಅವರಿಗೆ ಆಗ ತಾನೆ ಮಗು ಹುಟ್ಟಿದ್ದಿತು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಡೆಗೆ ಉಳಿದುದು ಹೀಗೆ: ಮಂಡಲಿಗೆ ಖರ್ಚಾದ ಒಂದು ರೂಪಾಯಿಗೆ, ಚೀಟಿಯ ಆಧಾರವಿರುವ ಉಳಿತಾಯ ಒಂದೂವರೆ ರೂಪಾಯಿಗಿಂತ ತುಸು ಕಡಮೆ. ಅದರ ಕೆಳಗೆ, ಅಳೆಯಲಾಗದ ಲಾಭಗಳೆಂದು ಮೂರು ಸಾಲು ಬರೆದೆವು. ಅದರಲ್ಲಿ ಒಂದು, ರಾತ್ರಿಯ ವೇಳೆ ಮನೆಗೆ ಟೆಲಿಫೋನು ಬಂದು ಊಟದಿಂದ ಎದ್ದುಹೋಗುವುದು ಕಡಮೆಯಾಯಿತೆಂಬುದು. ನಿರ್ದೇಶಕರು ಸಭೆಯಲ್ಲಿ ಅದೊಂದು ಸಾಲನ್ನು ಮಾತ್ರ ಗಟ್ಟಿಯಾಗಿ ಓದಿದರು.

ಅದೇ ಸಭೆಯಲ್ಲಿ ಇನ್ನೊಂದು ವಿಭಾಗದವರು, ಹೊರಗಿನಿಂದ ಕರೆಸಿದ ಸಲಹೆಗಾರರ ನೆರವಿನಿಂದ, ಒಂದಕ್ಕೆ ಹತ್ತು ಎಂಬ ಲೆಕ್ಕವನ್ನು ಬಣ್ಣದ ಚಿತ್ರಗಳೊಡನೆ ಒಪ್ಪಿಸಿದರು. ಅವರ ಮಂಡಲಿ ಪೂರ್ತಿಯಾಗಿ ಉಳಿಯಿತು. ನಮ್ಮಲ್ಲಿ ಏಳು ಜನ ನಾಲ್ವರಾದರು. ಎದ್ದುಹೋದ ಕಿರಿಯರು ಆ ನಾಲ್ವರಲ್ಲಿ ಒಬ್ಬರಾಗಿ ಉಳಿದರೆಂಬುದು ನನಗೆ ಸಮಾಧಾನ. ಮೂವರು ಓದಿ ಒಪ್ಪುವ ಕಟ್ಟಳೆಯನ್ನು ಮಾತ್ರ ಯಾರೂ ತೆಗೆಯಲಿಲ್ಲ.

ಆದರೆ ನಮ್ಮ ಚೀಟಿಗಳ ಲೆಕ್ಕಕ್ಕೆ ಒಂದು ಕೀರ್ತಿ ಬಂದುಬಿಟ್ಟಿತು. ಮರುವರ್ಷ ಮೇಲಿನವರೊಬ್ಬರು, ದುರಸ್ತಿಯ ಪ್ರಯಾಣಗಳ ಸಂಖ್ಯೆಯನ್ನು ಆಯಾ ತಂಡದ ನಾಯಕರ ವಾರ್ಷಿಕ ಯೋಗ್ಯತಾ ವರದಿಯಲ್ಲಿ ಸೇರಿಸತಕ್ಕದ್ದೆಂದು ಆಜ್ಞೆ ಮಾಡಿದರು. ಬೇಡವೆಂದು ಎರಡು ಸಲ ಬರೆದುಕೊಂಡೆನು, ಉಪಯೋಗವಾಗಲಿಲ್ಲ. ಆ ವರ್ಷದ ಕಡೆಯಲ್ಲಿ ದುರಸ್ತಿಯ ಪ್ರಯಾಣಗಳು ಹಿಂದೆಂದೂ ಇಲ್ಲದಷ್ಟು ಇಳಿದುವು. ಅಭಿನಂದನೆಯ ಪತ್ರವೊಂದೂ ಬಂದಿತು. ನಾನು ಕಟ್ಟುಗಳನ್ನು ನೋಡಲು ಹೋದಾಗ ಹಿರಿಯ ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿ, "ಈ ವರ್ಷ ಸಭೆಗಳು ವಿಪರೀತವಾಗಿವೆ ಸಾರ್. ಸಭೆಗೆ ಹೋದವರೆಲ್ಲ ಬಿಡಿಭಾಗಗಳ ಪೆಟ್ಟಿಗೆ ಹೊರಿಸಿದ್ದಕ್ಕೆ ರೈಲ್ವೆ ಕೂಲಿಯ ಚೀಟಿ ಲಗತ್ತಿಸಿದ್ದಾರೆ" ಎಂದರು. ಆ ವರ್ಷ ನಾವು ಕೂಲಿಯ ಚೀಟಿಗಳನ್ನು ಎಣಿಸಿದೆವು.